ಔಷಧಕ್ಕೆ ವಾಹಕ ಯಾವುದು: ಕಾರ್ಬನ್ ನ್ಯಾನೊಟ್ಯೂಬೋ, ಲೈಪೊಸೋಮೋ, ಪಾಲಿಮರೋ?

ಕ್ಯಾನ್ಸರಿಗೆ ಬಳಸುವ ಡಾಕ್ಸೊರುಬಿಸಿನ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟಾಗ ಅದು ಗೆಡ್ಡೆಯೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹೃದಯದ ಸ್ನಾಯು, ಮೂಳೆಮಜ್ಜೆ, ಕೂದಲ ಬುಡ, ಕರುಳಿನ ಒಳಪೊರೆ ಎಲ್ಲವನ್ನೂ ತಲುಪುತ್ತದೆ. ಹೃದಯಕ್ಕೆ ಬೀಳುವ ಪೆಟ್ಟಿನ ಕಾರಣದಿಂದಲೇ ಒಬ್ಬ ರೋಗಿಗೆ ಇಡೀ ಜೀವಮಾನದಲ್ಲಿ ಕೊಡಬಹುದಾದ ಒಟ್ಟು ಪ್ರಮಾಣಕ್ಕೆ, ದೇಹದ ಮೇಲ್ಮೈಯ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ ಎಂಬ ಮಿತಿಯನ್ನು ವೈದ್ಯರು ಹಾಕಿಕೊಂಡಿದ್ದಾರೆ. ಗೆಡ್ಡೆ ಕರಗುತ್ತಿದ್ದರೂ ಔಷಧವನ್ನು ನಿಲ್ಲಿಸಬೇಕಾಗುವ ಇಂಥ ಇಕ್ಕಟ್ಟೇ ವಾಹಕಗಳ ಹುಡುಕಾಟಕ್ಕೆ ಬಲ ಕೊಟ್ಟಿತು. ಔಷಧವನ್ನು ಒಂದು ಸೂಕ್ಷ್ಮ ಕಣಕ್ಕೆ ಸಾಕಷ್ಟು ಹೇರಬೇಕು, ದಾರಿಯಲ್ಲಿ ಅದು ಸೋರಬಾರದು, ಸೇರಬೇಕಾದ ಕಡೆ ಸೇರಿದ ಮೇಲೆ ಬೇಕಾದ ವೇಗದಲ್ಲಿ ಬಿಡುಗಡೆಯಾಗಬೇಕು, ಕೊನೆಗೆ ಹೊತ್ತು ತಂದ ಕಣವೂ ದೇಹದಿಂದ ಹೊರಟುಹೋಗಬೇಕು.

ಈ ನಾಲ್ಕು ಬೇಡಿಕೆಗಳಲ್ಲಿ ಮೊದಲ ಮೂರನ್ನು ಕಾರ್ಬನ್ ನ್ಯಾನೊಟ್ಯೂಬ್ ಬಹಳ ಚೆನ್ನಾಗಿ ಪೂರೈಸುತ್ತದೆ, ನಾಲ್ಕನೆಯದರಲ್ಲಿ ಎಡವುತ್ತದೆ. ಎಂ.ಫಾರ್ಮಾ, ಎಂ.ಎಸ್ಸಿ. ಅಥವಾ ಪಿಎಚ್.ಡಿ. ಸಂಶೋಧನೆಗೆ ವಾಹಕವನ್ನು ಆರಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲ ಮೂರನ್ನಷ್ಟೇ ಅಳೆದು ತೀರ್ಮಾನಕ್ಕೆ ಬರುತ್ತಾರೆ, ಏಕೆಂದರೆ ಪ್ರಯೋಗಾಲಯದ ಮೇಜಿನ ಮೇಲೆ ಅಳೆಯಲು ಸಿಗುವುದು ಅವೇ. ಹಾಗಾಗಿ ಇಲ್ಲಿನ ಹೋಲಿಕೆಯಲ್ಲಿ ನಾಲ್ಕನೆಯ ಬೇಡಿಕೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೊಳವೆಯ ನಿಜವಾದ ಬಲ

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಬಹುಪದರದ ಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. 1993ರಲ್ಲಿ ಅವರ ತಂಡವೂ ಐಬಿಎಂನ ಇನ್ನೊಂದು ತಂಡವೂ ಪ್ರತ್ಯೇಕವಾಗಿ ಏಕಪದರದ ಕೊಳವೆಯನ್ನು ತಯಾರಿಸಿದವು. ಏಕಪದರದ ಕೊಳವೆಯೆಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಸುರುಳಿ ಸುತ್ತಿದಂಥ ರಚನೆ. ಅದರ ವ್ಯಾಸ ಸಾಮಾನ್ಯವಾಗಿ 1ರಿಂದ 2 ನ್ಯಾನೊಮೀಟರ್, ಉದ್ದ ಮಾತ್ರ ಅದರ ನೂರಾರು ಅಥವಾ ಸಾವಿರಾರು ಪಟ್ಟು. ಬಹುಪದರದ ಕೊಳವೆಯಲ್ಲಿ ಇಂಥ ಹಾಳೆಗಳು ಒಂದರೊಳಗೊಂದು ಇರುತ್ತವೆ, ಪದರಗಳ ನಡುವಿನ ಅಂತರ ಸುಮಾರು 0.34 ನ್ಯಾನೊಮೀಟರ್.

ಕೊಳವೆ ಎಂದೊಡನೆ ಔಷಧವನ್ನು ಅದರ ಟೊಳ್ಳಿನೊಳಗೆ ತುಂಬುತ್ತಾರೆಂದು ಅನ್ನಿಸುವುದು ಸಹಜ. ಹೆಚ್ಚಿನ ಪ್ರಯೋಗಗಳಲ್ಲಿ ಔಷಧ ಕೂರುವುದು ಹೊರಮೈಯಲ್ಲಿ. ಏಕಪದರದ ಕೊಳವೆಯಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವೂ ಮೇಲ್ಮೈಯಲ್ಲೇ ಇರುವುದರಿಂದ ಒಂದು ಗ್ರಾಂ ಕೊಳವೆಯ ಹೊರಮೈ ಲೆಕ್ಕಾಚಾರದ ಪ್ರಕಾರ 1,300 ಚದರ ಮೀಟರ್ ಮೀರುತ್ತದೆ. ಡಾಕ್ಸೊರುಬಿಸಿನ್‌ನಂತಹ ಔಷಧದ ಅಣುವಿನಲ್ಲಿ ಬೆಂಜೀನಿನಂಥ ಚಪ್ಪಟೆಯಾದ ಆರೊಮ್ಯಾಟಿಕ್ ಉಂಗುರಗಳಿವೆ. ಅವು ಇಂಗಾಲದ ಷಟ್ಕೋನಗಳ ಮೇಲೆ, ಹಂಚಿನ ಮೇಲೆ ಹಂಚು ಜೋಡಿಸಿದ ಹಾಗೆ, ಯಾವ ರಾಸಾಯನಿಕ ಬಂಧವೂ ಇಲ್ಲದೆ ಅಂಟಿಕೊಳ್ಳುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಂಗ್ಜಿಯೆ ದಾಯ್ ಅವರ ತಂಡ 2007ರಲ್ಲಿ ಹೀಗೆ ಒಂದು ಗ್ರಾಂ ಕೊಳವೆಗೆ ಸುಮಾರು ನಾಲ್ಕು ಗ್ರಾಂನಷ್ಟು ಡಾಕ್ಸೊರುಬಿಸಿನ್ ಹೇರಬಹುದೆಂದು ತೋರಿಸಿತು. ಹೋಲಿಕೆಗೆ ಮಾರುಕಟ್ಟೆಯಲ್ಲಿರುವ ಡಾಕ್ಸಿಲ್ ಎಂಬ ಲೈಪೊಸೋಮನ್ನು, ಅಂದರೆ ಕೊಬ್ಬಿನ ಪೊರೆಯ ಸೂಕ್ಷ್ಮ ಗುಳ್ಳೆಯಲ್ಲಿ ತುಂಬಿದ ಡಾಕ್ಸೊರುಬಿಸಿನ್ ಅನ್ನು, ತೆಗೆದುಕೊಂಡರೆ, ಅದರ ಪ್ರತಿ ಮಿಲಿಲೀಟರಿನಲ್ಲಿ 2 ಮಿಲಿಗ್ರಾಂ ಔಷಧಕ್ಕೆ ಸುಮಾರು 16 ಮಿಲಿಗ್ರಾಂ ಕೊಬ್ಬಿನಂಶ ಬೇಕು. ತನ್ನ ತೂಕದ ಎಂಟನೆಯ ಒಂದು ಭಾಗವನ್ನು ಹೊರುವ ವಾಹಕವೆಲ್ಲಿ, ನಾಲ್ಕು ಪಟ್ಟು ಹೊರುವ ವಾಹಕವೆಲ್ಲಿ! ನ್ಯಾನೊಟ್ಯೂಬಿನ ಬಗೆಗಿನ ಉತ್ಸಾಹಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬಿಡುಗಡೆಯೂ ಸೊಗಸಾಗಿದೆ. ರಕ್ತದ ಪಿಎಚ್ 7.4, ಜೀವಕೋಶ ಹೊರಗಿನ ಕಣವನ್ನು ನುಂಗಿ ಸಾಗಿಸುವ ಲೈಸೊಸೋಮ್ ಎಂಬ ಕೋಶಾಂಗದೊಳಗೆ ಅದು 5ರ ಆಸುಪಾಸಿಗೆ ಇಳಿಯುತ್ತದೆ. ಆಮ್ಲೀಯತೆ ಹೆಚ್ಚಿದಂತೆ ಡಾಕ್ಸೊರುಬಿಸಿನ್‌ನ ಅಮೈನ್ ಗುಂಪು ಪ್ರೋಟಾನ್ ಪಡೆದು ಅಣು ನೀರಿನಲ್ಲಿ ಹೆಚ್ಚು ಕರಗುವಂತಾಗುತ್ತದೆ, ಕೊಳವೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ರಕ್ತದಲ್ಲಿ ಬಿಗಿಯಾಗಿದ್ದು ಕೋಶದೊಳಗೆ ಬಿಡುವ ಈ ಗುಣಕ್ಕೆ ಯಾವ ಹೆಚ್ಚುವರಿ ಜೋಡಣೆಯೂ ಬೇಡ. ಕೊಳವೆಯ ವ್ಯಾಸ ಹೆಚ್ಚಿದಂತೆ ಅದರ ಮೈ ಸಪಾಟಾಗಿ ಔಷಧ ಗಟ್ಟಿಯಾಗಿ ಕೂರುತ್ತದೆ, ವ್ಯಾಸ ಕಿರಿದಾದರೆ ಬೇಗ ಬಿಡುತ್ತದೆ. ಅಂದರೆ ಬಿಡುಗಡೆಯ ವೇಗವನ್ನು ವ್ಯಾಸದ ಆಯ್ಕೆಯಿಂದಲೂ ಹದಗೊಳಿಸಬಹುದು.

ಆದರೆ ಇದೆಲ್ಲವೂ ಚಪ್ಪಟೆ ಉಂಗುರಗಳಿರುವ ಔಷಧಕ್ಕೆ ಹೇಳಿದ ಮಾತು. ಸಿಸ್‌ಪ್ಲಾಟಿನ್‌ನಲ್ಲಿ ಅಂಥ ಉಂಗುರವೇ ಇಲ್ಲ, ಆದ್ದರಿಂದ ಅದನ್ನು ಪ್ಲಾಟಿನಂ(4) ರೂಪದ ಪೂರ್ವೌಷಧವನ್ನಾಗಿ (ದೇಹದೊಳಗೆ ಔಷಧವಾಗಿ ಬದಲಾಗುವ ರೂಪ) ಮಾಡಿ ರಾಸಾಯನಿಕ ಬಂಧದಿಂದ ಕಟ್ಟಬೇಕಾಯಿತು. ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಬೆಂಜೀನ್ ಉಂಗುರಗಳಿದ್ದರೂ ಅಣು ದೊಡ್ಡದು, ಗಂಟುಗಂಟಾದದ್ದು. ಅದನ್ನು ಇಲಿಗಳಲ್ಲಿ ಪರೀಕ್ಷಿಸಿದ 2008ರ ಪ್ರಯೋಗದಲ್ಲಿ ಕೊಳವೆಗೆ ಹೊದಿಸಿದ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಸರಪಳಿಯ ತುದಿಗೆ ಎಸ್ಟರ್ ಬಂಧದಿಂದ ಜೋಡಿಸಲಾಗಿತ್ತು. ಬಂಧ ಕಟ್ಟಿದ ಮೇಲೆ ಹೇರುವ ಸಾಮರ್ಥ್ಯ ಇಳಿಯುತ್ತದೆ, ಬಿಡುಗಡೆ ಆ ಬಂಧ ಒಡೆಯುವ ವೇಗಕ್ಕೆ ಕಟ್ಟುಬೀಳುತ್ತದೆ. ಆದ್ದರಿಂದ ನಿಮ್ಮ ಔಷಧದ ಅಣುರಚನೆಯನ್ನು ಕಾಗದದ ಮೇಲೆ ಬರೆದು ನೋಡುವುದೇ ಆಯ್ಕೆಯ ಮೊದಲ ಹೆಜ್ಜೆ. ಉಂಗುರಗಳಿಲ್ಲದಿದ್ದರೆ ನ್ಯಾನೊಟ್ಯೂಬಿನ ಅತಿ ದೊಡ್ಡ ಅನುಕೂಲ ಅಲ್ಲಿಗೇ ಕೈಬಿಟ್ಟಂತೆ.

ಬೇರೆ ವಾಹಕಗಳಿಗೆ ಸುಲಭವಾಗಿ ಸಿಗದ ಇನ್ನೊಂದು ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಕಪದರದ ಕೊಳವೆಗಳು ಅತಿಗೆಂಪಿಗೆ ಸಮೀಪದ ಬೆಳಕನ್ನು ಹೀರಿ ಬಿಸಿಯಾಗುತ್ತವೆ, ಅವುಗಳಲ್ಲಿ ಅರೆವಾಹಕ ಬಗೆಯವು ಅದಕ್ಕಿಂತ ಉದ್ದನೆಯ ತರಂಗಾಂತರದಲ್ಲಿ ತಾವೇ ಬೆಳಕು ಸೂಸುತ್ತವೆ. ಹಿಮೋಗ್ಲೋಬಿನ್ ಮತ್ತು ನೀರು ಈ ತರಂಗಾಂತರಗಳಲ್ಲಿ ಬೆಳಕನ್ನು ಕಡಿಮೆ ಹೀರುವುದರಿಂದ ಚರ್ಮದ ಮೂಲಕ ಕೆಲವು ಮಿಲಿಮೀಟರ್ ಆಳಕ್ಕೆ ಬೆಳಕನ್ನು ಕಳುಹಿಸಿ ಕೊಳವೆ ಎಲ್ಲಿದೆಯೆಂದು ನೋಡಬಹುದು, ಬಿಸಿ ಮಾಡಿ ಔಷಧವನ್ನು ಬಿಡಿಸಬಹುದು. ಔಷಧ, ಶಾಖ, ಚಿತ್ರಣ ಮೂರೂ ಒಂದೇ ಕಣದಿಂದ ಬೇಕೆನ್ನುವವರಿಗೆ ಲೈಪೊಸೋಮಿನಲ್ಲಿ ಹೊರಗಿನಿಂದ ಏನಾದರೂ ಸೇರಿಸದೆ ಇದು ದಕ್ಕುವುದಿಲ್ಲ.

ಹೊರಹೋಗುವ ದಾರಿ

ಲೈಪೊಸೋಮಿನ ಕೊಬ್ಬನ್ನು ದೇಹ ತನ್ನದೇ ಕೊಬ್ಬಿನಂತೆ ಜೀರ್ಣಿಸಿಕೊಳ್ಳುತ್ತದೆ. ಪಿಎಲ್‌ಜಿಎ ಪಾಲಿಮರ್ ನೀರಿನೊಡನೆ ವರ್ತಿಸಿ ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲವಾಗಿ ಒಡೆಯುತ್ತದೆ. ಇನ್ನೊಂದು ವಾಹಕವಾದ ಸಿಲಿಕಾ ನಿಧಾನವಾಗಿ ಸಿಲಿಸಿಕ್ ಆಮ್ಲವಾಗಿ ಕರಗಿ ಮೂತ್ರದಲ್ಲಿ ಹೋಗುತ್ತದೆ. ಇಂಗಾಲದ ಷಟ್ಕೋನಗಳ ಜಾಲಕ್ಕೆ ಇಂಥ ಸಿದ್ಧಮಾರ್ಗ ದೇಹದಲ್ಲಿಲ್ಲ.

ಈ ವಿಚಾರದಲ್ಲಿ ಎರಡು ಬಗೆಯ ಸಾಕ್ಷ್ಯಗಳಿವೆ, ಎರಡನ್ನೂ ಜೊತೆಗಿಟ್ಟು ಓದಬೇಕು. 2008ರಲ್ಲಿ ಎಡಿನ್‌ಬರ್ಗ್‌ನ ಕೆನ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರು ಉದ್ದನೆಯ ಬಹುಪದರದ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊರೆಯೊಳಗೆ ಇಟ್ಟಾಗ, ಉದ್ದನೆಯ ಕಲ್ನಾರಿನ ಎಳೆಗಳು ಉಂಟುಮಾಡುವಂತಹದೇ ಉರಿಯೂತ ಮತ್ತು ಗಂಟುಗಳು ಕಂಡವು. ಗಿಡ್ಡ ಮತ್ತು ಸಿಕ್ಕುಸಿಕ್ಕಾದ ಕೊಳವೆಗಳು ಹಾಗೆ ಮಾಡಲಿಲ್ಲ. ಕಾರಣ ರಾಸಾಯನಿಕಕ್ಕಿಂತ ಆಕಾರದ್ದು: ದೇಹದ ಭಕ್ಷಕ ಕೋಶ ತನಗಿಂತ ಉದ್ದವಾದ, ಬಾಗದ ಕಡ್ಡಿಯನ್ನು ಪೂರ್ತಿಯಾಗಿ ನುಂಗಲಾರದೆ ಅರ್ಧಕ್ಕೇ ಸೋಲುತ್ತದೆ, ಆ ಸೋಲಿನಿಂದ ಉರಿಯೂತ ಆರುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ನಿರ್ದಿಷ್ಟ ಬಗೆಯ ಗಡಸು ಬಹುಪದರದ ಕೊಳವೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಸೇರಿಸಿತು. ಏಕಪದರದವೂ ಸೇರಿದಂತೆ ಉಳಿದ ಬಗೆಗಳನ್ನು, ತೀರ್ಮಾನಿಸಲು ಸಾಕ್ಷ್ಯ ಸಾಲದೆಂದು 3ನೆಯ ಗುಂಪಿನಲ್ಲಿಟ್ಟಿತು. ಮೂರನೆಯ ಗುಂಪೆಂದರೆ ನಿರಪಾಯವೆಂದಲ್ಲ, ಇದನ್ನು ಹಲವರು ತಪ್ಪಾಗಿ ಓದುತ್ತಾರೆ.

ಇನ್ನೊಂದು ಬಗೆಯ ಸಾಕ್ಷ್ಯ ಆಶಾದಾಯಕ. 2010ರಲ್ಲಿ ವಲೇರಿಯನ್ ಕಗನ್ ಮತ್ತು ಸಂಗಡಿಗರು, ನಮ್ಮ ಬಿಳಿರಕ್ತಕಣಗಳಲ್ಲಿರುವ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವವು ಏಕಪದರದ ಕೊಳವೆಯನ್ನು ಒಡೆಯಬಲ್ಲದೆಂದೂ ಹಾಗೆ ಒಡೆದ ಕೊಳವೆ ಇಲಿಯ ಶ್ವಾಸಕೋಶದಲ್ಲಿ ಉರಿಯೂತ ತರಲಿಲ್ಲವೆಂದೂ ತೋರಿಸಿದರು. ಆಕ್ಸಿಡೀಕರಣದಿಂದ ಗೋಡೆಯಲ್ಲಿ ಕಾರ್ಬಾಕ್ಸಿಲ್ ಗುಂಪುಗಳು ಮೂಡಿದ ಕೊಳವೆಗಳ ಮೇಲೆ ಕಿಣ್ವದ ಕೆಲಸ ಸುಲಭ. ಅಮೋನಿಯಂ ಗುಂಪುಗಳನ್ನು ಜೋಡಿಸಿ ನೀರಿನಲ್ಲಿ ಚೆನ್ನಾಗಿ ಕರಗುವಂತೆ ಮಾಡಿದ ಕೊಳವೆಗಳು ಇಲಿಗಳ ಮೂತ್ರದಲ್ಲಿ ಹೊರಹೋಗುವುದನ್ನು ಕೋಸ್ಟಾಸ್ ಕೋಸ್ಟರೆಲೊಸ್ ಅವರ ತಂಡ 2006ರಲ್ಲಿ ವರದಿ ಮಾಡಿತು. ಪಾಲಿಎಥಿಲೀನ್ ಗ್ಲೈಕಾಲ್ ಹೊದಿಕೆಯವು ಯಕೃತ್ತಿನಲ್ಲಿ ತಂಗಿ, ಪಿತ್ತರಸದ ಮೂಲಕ ಮಲದಲ್ಲಿ ಹೋಗಲು ಸುಮಾರು ಎರಡು ತಿಂಗಳು ಹಿಡಿಯಿತೆಂದು ದಾಯ್ ಅವರ ತಂಡ 2008ರಲ್ಲಿ ಕಂಡಿತು.

ಇದನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೆ ತೋರುವುದು ಇಷ್ಟು: ಕೊಳವೆ ವಿಷವೇ ಅಲ್ಲವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ‘ಕಾರ್ಬನ್ ನ್ಯಾನೊಟ್ಯೂಬ್’ ಎಂಬುದು ಒಂದು ವಸ್ತುವಿನ ಹೆಸರಲ್ಲ. ಉದ್ದ, ಗಡಸುತನ, ಪದರಗಳು, ಉಳಿದಿರುವ ಕಬ್ಬಿಣ, ನಿಕಲ್, ಕೋಬಾಲ್ಟ್ ಚೂರುಗಳು, ಮೇಲಿನ ಹೊದಿಕೆ ಇವುಗಳಲ್ಲಿ ಯಾವುದು ಬದಲಾದರೂ ದೇಹಕ್ಕೆ ಅದು ಬೇರೆಯೇ ವಸ್ತು. ಔಷಧ ನಿಯಂತ್ರಕರಿಗೆ ಬೇಕಾದ, ಪ್ರತಿ ಬಾರಿಯೂ ಒಂದೇ ತೆರನಾದ ತಯಾರಿಕೆ ಇಲ್ಲಿ ಕಷ್ಟವಾಗುವುದು ಇದೇ ಕಾರಣಕ್ಕೆ. ಮೂರು ದಶಕಗಳ ಸಂಶೋಧನೆಯ ಬಳಿಕವೂ ನ್ಯಾನೊಟ್ಯೂಬನ್ನು ವಾಹಕವಾಗಿ ಬಳಸಿದ ಯಾವ ಔಷಧಕ್ಕೂ ರೋಗಿಗಳಲ್ಲಿ ಬಳಸುವ ಅನುಮತಿ ದೊರೆತಿಲ್ಲ.

ಪ್ರತಿಸ್ಪರ್ಧಿಗಳು

ಲೈಪೊಸೋಮಿನ ಕಥೆ ಇದಕ್ಕೆ ತದ್ವಿರುದ್ಧ. ಡಾಕ್ಸಿಲ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1995ರಲ್ಲಿ. ಸುಮಾರು 80ರಿಂದ 90 ನ್ಯಾನೊಮೀಟರ್ ಗಾತ್ರದ ಗುಳ್ಳೆಯ ಒಳಗೆ ಅಮೋನಿಯಂ ಸಲ್ಫೇಟ್ ಇಟ್ಟು, ಹೊರಗಿನಿಂದ ಡಾಕ್ಸೊರುಬಿಸಿನ್ ತಾನಾಗಿ ಒಳಸೇರಿ ಹರಳುಗಟ್ಟುವಂತೆ ಮಾಡುವ ಉಪಾಯವೇ ಅದರ ಜೀವಾಳ. ಹರಳಾದ ಔಷಧ ಸೋರುವುದಿಲ್ಲ, ರಕ್ತದಲ್ಲಿ ಅದರ ಅರ್ಧಾಯುಷ್ಯ ಎರಡು ದಿನಗಳನ್ನು ದಾಟುತ್ತದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯ ಡಾಕ್ಸೊರುಬಿಸಿನ್‌ನೊಡನೆ ಹೋಲಿಸಿದಾಗ ಪರಿಣಾಮ ಸರಿಸಮನಾಗಿತ್ತು, ಹೃದಯದ ಹಾನಿ ಗಣನೀಯವಾಗಿ ಕಡಿಮೆಯಿತ್ತು, ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ಹೊಸ ತೊಂದರೆ ಸೇರಿಕೊಂಡಿತು. ಒಳ್ಳೆಯ ವಾಹಕದಿಂದ ಸಿಗುವ ಲಾಭ ಹೆಚ್ಚಾಗಿ ಈ ಬಗೆಯದು, ಗೆಡ್ಡೆಯನ್ನು ಹೆಚ್ಚು ಕೊಲ್ಲುವುದಕ್ಕಿಂತ ಉಳಿದ ಅಂಗಗಳನ್ನು ಕಾಯುವುದು. ಟೊರೊಂಟೊದ ಸಂಶೋಧಕರು 2016ರಲ್ಲಿ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಜಾಲಾಡಿ, ಚುಚ್ಚಿದ ನ್ಯಾನೊಕಣಗಳಲ್ಲಿ ಗೆಡ್ಡೆಯನ್ನು ಸೇರುವ ಪಾಲಿನ ಮಧ್ಯಮ ಮೌಲ್ಯ ಶೇ. 0.7 ಮಾತ್ರ ಎಂದು ಲೆಕ್ಕ ಹಾಕಿದರು. ಉಳಿದ ಶೇ. 99ಕ್ಕೂ ಹೆಚ್ಚು ವಾಹಕ ಬೇರೆಡೆ ಉಳಿಯುತ್ತದೆ ಎಂದಾದರೆ, ಆ ವಾಹಕ ಕರಗುವ ಕೊಬ್ಬೋ ಕರಗದ ಇಂಗಾಲವೋ ಎಂಬುದು ಸಣ್ಣ ಸಂಗತಿಯಲ್ಲ.

ಭಾರತಕ್ಕೆ ಲೈಪೊಸೋಮ್ ದೂರದ ತಂತ್ರಜ್ಞಾನವೂ ಅಲ್ಲ. ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ 2012ರಲ್ಲಿ ಅಲ್ಲಿನ ನಿಯಂತ್ರಕರು ಸನ್ ಫಾರ್ಮಾದ ಲಿಪೊಡಾಕ್ಸ್ ಆಮದಿಗೆ ಅವಕಾಶ ಕೊಟ್ಟರು, ಮರುವರ್ಷ ಆ ಕಂಪನಿಯ ಜೆನೆರಿಕ್‌ಗೆ ಅನುಮತಿಯೂ ದೊರೆಯಿತು. ಕಾಲಾ ಅಜರ್ ರೋಗಕ್ಕೆ ಲೈಪೊಸೋಮ್ ರೂಪದ ಆಂಫೊಟೆರಿಸಿನ್-ಬಿ ಔಷಧವನ್ನು ದೇಹತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಡುವ ಚಿಕಿತ್ಸೆ ಬಿಹಾರದಂತಹ ರಾಜ್ಯಗಳಲ್ಲಿ ವಾಡಿಕೆಗೆ ಬಂದಿದೆ.

ಪಿಎಲ್‌ಜಿಎ ಆರಿಸಿಕೊಳ್ಳಬೇಕಾದದ್ದು ಕಾಲವೇ ಮುಖ್ಯವಾದಾಗ. ಲ್ಯೂಪ್ರೊಲೈಡ್ ಎಂಬ ಕೃತಕ ಹಾರ್ಮೋನನ್ನು ದಿನವೂ ಚುಚ್ಚುವ ಬದಲು ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರಾನ್ ಡಿಪೊ 1989ರಿಂದಲೂ ಇದೇ ಬಗೆಯ ಪಾಲಿಮರಿನ ಸೂಕ್ಷ್ಮಗೋಲಗಳನ್ನು ಬಳಸುತ್ತಿದೆ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಪಾಲುಗಳ ಅನುಪಾತ ಸಮಸಮನಾಗಿದ್ದರೆ ಕಣ ಬೇಗ ಕರಗುತ್ತದೆ, ಲ್ಯಾಕ್ಟಿಕ್ ಪಾಲು ಹೆಚ್ಚಾದಂತೆ ನಿಧಾನ. ಮೊದಲ ದಿನವೇ ಮೇಲ್ಮೈಯ ಔಷಧವೆಲ್ಲ ಒಮ್ಮೆಗೇ ನುಗ್ಗಿಬರುವುದು ಇದರ ಹಳೆಯ ಕಾಯಿಲೆ; ಒಡೆದಾಗ ಒಳಗೆ ಹುಟ್ಟುವ ಆಮ್ಲ ಪ್ರೋಟೀನ್ ಔಷಧಗಳನ್ನು ಕೆಡಿಸಬಲ್ಲದು.

ರಕ್ತದಲ್ಲಿರುವ ಪ್ರೋಟೀನ್ ಆದ ಆಲ್ಬುಮಿನ್‌ನ ಕಣಗಳ ಬಗ್ಗೆ ಹೇಳಬೇಕಾದದ್ದು ಕಡಿಮೆ: ನೀರಿನಲ್ಲಿ ಕರಗದ ಔಷಧಕ್ಕೆ ಅದು ನೇರ ಉತ್ತರ. 2005ರಲ್ಲಿ ಅನುಮತಿ ಪಡೆದ ಅಬ್ರಾಕ್ಸೇನ್‌ನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಸುಮಾರು 130 ನ್ಯಾನೊಮೀಟರಿನ ಆಲ್ಬುಮಿನ್ ಕಣಗಳಲ್ಲಿರುತ್ತದೆ. ಅಲರ್ಜಿಗೆ ಕಾರಣವಾಗುತ್ತಿದ್ದ ಕ್ರೆಮೊಫೋರ್ ದ್ರಾವಕ ಹೋಯಿತು, ಮೂರು ಗಂಟೆಯ ಡ್ರಿಪ್ ಅರ್ಧ ಗಂಟೆಗೆ ಇಳಿಯಿತು. ಸೂಕ್ಷ್ಮರಂಧ್ರಗಳ ಸಿಲಿಕಾ ಮಾತ್ರ ನ್ಯಾನೊಟ್ಯೂಬಿಗೆ ಹತ್ತಿರದ ನೆಂಟ. ಅದರಲ್ಲೂ ಗ್ರಾಂಗೆ ಸಾವಿರ ಚದರ ಮೀಟರಿನ ಮೈಯಿದೆ, ರಂಧ್ರದ ಬಾಯಿಗೆ ಆಮ್ಲಕ್ಕೋ ಬೆಳಕಿಗೋ ತೆರೆಯುವ ಮುಚ್ಚಳವನ್ನು ಕೂರಿಸಬಹುದು, ಉಂಗುರವಿಲ್ಲದ ಔಷಧವೂ ರಂಧ್ರದಲ್ಲಿ ನಿಲ್ಲುತ್ತದೆ. ನಿಮ್ಮ ಸಂಶೋಧನೆಯ ಗಮನ ‘ನಿಯಂತ್ರಿತ ಬಿಡುಗಡೆ’ಯ ಮೇಲೆಯೇ ಇದ್ದು ನ್ಯಾನೊಟ್ಯೂಬಿನ ಬೆಳಕಿನ ಗುಣಗಳು ಬೇಡವಾಗಿದ್ದರೆ ನಾನು ಸಿಲಿಕಾವನ್ನೇ ಸೂಚಿಸುತ್ತೇನೆ.

ಹಾಗಾದರೆ ಕೊಳವೆ ಎಲ್ಲಿ ಸರಿ?

ರಕ್ತಕ್ಕೆ ಮತ್ತೆ ಮತ್ತೆ ಚುಚ್ಚಬೇಕಾದ ಔಷಧಕ್ಕೆ, ಅದರಲ್ಲೂ ದೀರ್ಘಕಾಲದ ಕಾಯಿಲೆಗೆ, ಇಂದಿನ ತಿಳಿವಳಿಕೆಯಲ್ಲಿ ನ್ಯಾನೊಟ್ಯೂಬನ್ನು ಆರಿಸಬಾರದು. ಆರ್‌ಎನ್‌ಎ ಸಾಗಿಸಲು ಕೂಡ ಬೇಡ. ಧನ ವಿದ್ಯುದಾವೇಶದ ಕೊಳವೆಗಳು ಜೀನ್‌ಗಳನ್ನು ಕೋಶದೊಳಗೆ ಒಯ್ಯುವುದನ್ನು 2004ರಲ್ಲೇ ತೋರಿಸಲಾಗಿದ್ದರೂ, 2018ರ ಪ್ಯಾಟಿಸಿರಾನ್ ಎಂಬ ಆರ್‌ಎನ್‌ಎ ಔಷಧ ಮತ್ತು ಕೋವಿಡ್ ಲಸಿಕೆಗಳ ಮೂಲಕ ಲಿಪಿಡ್ ನ್ಯಾನೊಕಣಗಳು ಆ ಜಾಗವನ್ನು ಗಟ್ಟಿಯಾಗಿ ಹಿಡಿದಿವೆ.

ಕೊಳವೆ ಪ್ರಯಾಣ ಮಾಡಬೇಕಿಲ್ಲದ ಕಡೆ ಚಿತ್ರ ಬದಲಾಗುತ್ತದೆ. ನನಗೆ ಅತ್ಯಂತ ಭರವಸೆಯದಾಗಿ ಕಾಣುವುದು ನರಗಳಿಗೆ ಜೋಡಿಸುವ ವಿದ್ಯುದ್ವಾರಗಳ ಕೆಲಸ. 2011ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ಬಹುಪದರದ ಕೊಳವೆಗಳ ಟೊಳ್ಳಿನಲ್ಲಿ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ತುಂಬಿ, ಬಾಯಿಯನ್ನು ಪಾಲಿಪಿರೋಲ್ ಎಂಬ ವಿದ್ಯುದ್ವಾಹಕ ಪಾಲಿಮರಿನಿಂದ ಮುಚ್ಚಿ, ವಿದ್ಯುತ್ ಸಂಕೇತ ಕೊಟ್ಟಾಗಲೆಲ್ಲ ಔಷಧ ಬಿಡುವಂತೆ ಮಾಡಿದರು. ಮಿದುಳಿನಲ್ಲಿ ನೆಟ್ಟ ವಿದ್ಯುದ್ವಾರದ ಸುತ್ತ ಗಾಯದ ಅಂಗಾಂಶ ಬೆಳೆದು ಸಂಕೇತ ಮಂಕಾಗುವ ತೊಂದರೆಗೆ ಇದು ನೇರವಾಗಿ ತಾಗುತ್ತದೆ. ಇಲ್ಲಿ ಕೊಳವೆಯ ವಿದ್ಯುದ್ವಾಹಕತೆ, ಟೊಳ್ಳು, ಸುಲಭವಾಗಿ ಸವೆಯದ ಗುಣ ಮೂರೂ ಉಪಯೋಗಕ್ಕೆ ಬರುತ್ತವೆ. ರಕ್ತದಲ್ಲಿ ದೋಷವಾಗಿದ್ದ ಬಾಳಿಕೆ ಇಲ್ಲಿ ಗುಣವಾಗುತ್ತದೆ. ಚರ್ಮದ ಮೇಲಿನ ಪಟ್ಟಿ, ಗೆಡ್ಡೆಯನ್ನು ತೆಗೆದ ಜಾಗದಲ್ಲಿಡುವ ಜೆಲ್, ಬೆಳಕಿನಿಂದ ಬಿಸಿಮಾಡಿ ಔಷಧ ಬಿಡಿಸುವ ಸ್ಥಳೀಯ ಚಿಕಿತ್ಸೆ ಇವೂ ಇದೇ ಸಾಲಿಗೆ ಸೇರುತ್ತವೆ, ಕೊಳವೆ ಜೆಲ್‌ನಿಂದ ಕಳಚಿಕೊಳ್ಳುವುದಿಲ್ಲವೆಂದು ಅಳೆದು ತೋರಿಸಬೇಕೆಂಬ ಷರತ್ತಿನೊಡನೆ.

ಆರಿಸಿಕೊಂಡರೆ ಅಳತೆಗಳಲ್ಲಿ ಎಚ್ಚರ

ನ್ಯಾನೊಟ್ಯೂಬಿನ ಮೇಲೆ ಕೆಲಸ ಮಾಡುವುದೆಂದು ನಿರ್ಧರಿಸಿದವರನ್ನು ಮೋಸಗೊಳಿಸುವ ಅಳತೆಗಳು ಕೆಲವಿವೆ. ಜೀವಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯಲ್ಲಿ ಹುಟ್ಟುವ ನೇರಳೆ ಫಾರ್ಮಜಾನ್ ಹರಳುಗಳು ಕೊಳವೆಗೆ ಅಂಟಿಕೊಂಡು ಕರಗದೆ ಉಳಿಯುತ್ತವೆ, ಕೋಶಗಳು ಸತ್ತಂತೆ ತೋರುತ್ತದೆ. ಜರ್ಮನಿಯ ಸಂಶೋಧಕರು 2006ರಲ್ಲೇ ಇದನ್ನು ಬಯಲಿಗೆ ತಂದಿದ್ದಾರೆ. ಬಣ್ಣ ನೀರಿನಲ್ಲಿ ಕರಗುವ ಡಬ್ಲ್ಯುಎಸ್‌ಟಿ-1 ಅಥವಾ ಬೇರೆ ತತ್ತ್ವದ ಇನ್ನೊಂದು ಪರೀಕ್ಷೆಯನ್ನು ಜೊತೆಗೆ ಮಾಡಲೇಬೇಕು. ಕೊಳವೆ ಡಾಕ್ಸೊರುಬಿಸಿನ್‌ನ ಪ್ರತಿದೀಪ್ತಿಯನ್ನು ನಂದಿಸುವುದರಿಂದ, ಹೊಳಪು ಕಾಣದಿದ್ದರೆ ಔಷಧವಿಲ್ಲವೆಂದು ಅರ್ಥವಲ್ಲ.

ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಕುದಿಸಿ ಕಾರ್ಬಾಕ್ಸಿಲ್ ಗುಂಪುಗಳನ್ನು ಮೂಡಿಸುವಾಗ ಇಂಗಾಲದ ಸಣ್ಣ ಆಕ್ಸಿಡೀಕೃತ ಚೂರುಗಳು ಕೊಳವೆಯ ಮೈಗೆ ಮೆತ್ತಿಕೊಳ್ಳುತ್ತವೆ. ಅವನ್ನು ದುರ್ಬಲ ಕ್ಷಾರದಿಂದ ತೊಳೆಯದೆ ಮುಂದುವರಿದರೆ ಔಷಧ ಕೊಳವೆಗೆ ಅಂಟಿದೆಯೋ ಆ ಕಸಕ್ಕೆ ಅಂಟಿದೆಯೋ ತಿಳಿಯುವುದಿಲ್ಲ. ಬಿಡುಗಡೆಯ ಪ್ರಯೋಗದಲ್ಲಿ ಡಯಾಲಿಸಿಸ್ ಚೀಲವೇ ಔಷಧವನ್ನು ತಡೆದು, ನಿಧಾನ ಬಿಡುಗಡೆಯೆಂಬ ಭ್ರಮೆ ಹುಟ್ಟಿಸುತ್ತದೆ. ವಾಹಕವಿಲ್ಲದ ಬರಿಯ ಔಷಧವನ್ನು ಅದೇ ಚೀಲದಲ್ಲಿಟ್ಟು ಪಡೆದ ರೇಖೆಯನ್ನು ಪಕ್ಕದಲ್ಲಿ ತೋರಿಸದ ಯಾವ ನಕ್ಷೆಯನ್ನೂ ನಾನು ನಂಬುವುದಿಲ್ಲ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಅನುಕೂಲವಿದೆ. ಸಿ.ಎನ್.ಆರ್. ರಾವ್ ಅವರ ಪ್ರಯೋಗಾಲಯದಿಂದ ಹಿಡಿದು, ದ್ರವದ ಹರಿವಿನಿಂದ ನ್ಯಾನೊಟ್ಯೂಬಿನಲ್ಲಿ ವೋಲ್ಟೇಜ್ ಹುಟ್ಟುವುದನ್ನು 2003ರಲ್ಲಿ ತೋರಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರವರೆಗೆ, ಬೆಂಗಳೂರಿನಲ್ಲಿ ಈ ವಸ್ತುವಿನ ಭೌತ ಮತ್ತು ರಸಾಯನ ಗುಣಗಳನ್ನು ಬಲ್ಲವರ ಒಂದು ಪರಂಪರೆಯೇ ಇದೆ. ಫಾರ್ಮಸಿ ಕಾಲೇಜಿನಲ್ಲಿ ಸಿಗದ ರಾಮನ್ ರೋಹಿತಮಾಪನಕ್ಕೆ ಅಂಥ ಕಡೆಯ ಸಹಯೋಗವನ್ನು ಕೇಳಿಕೊಳ್ಳುವುದು ಒಳ್ಳೆಯದು: ರೋಹಿತದಲ್ಲಿ 1,590 ಸೆಂ.ಮೀ.⁻¹ ಸುಮಾರಿನ ಜಿ ಪಟ್ಟಿಗೂ 1,350 ಸೆಂ.ಮೀ.⁻¹ ಸುಮಾರಿನ ಡಿ ಪಟ್ಟಿಗೂ ಇರುವ ಅನುಪಾತವು, ಆಮ್ಲ ನಿಮ್ಮ ಕೊಳವೆಯ ಗೋಡೆಯನ್ನು ಎಷ್ಟು ಕೆಡಿಸಿದೆಯೆಂದು ಹೇಳುತ್ತದೆ. ಪ್ರಾಣಿಗಳ ಹಂತಕ್ಕೆ ಹೋಗುವ ಮೊದಲು, ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರತಂದ ನ್ಯಾನೊ ಔಷಧಗಳ ಮೌಲ್ಯಮಾಪನದ ಮಾರ್ಗಸೂಚಿಯನ್ನು ಓದಿಕೊಳ್ಳಿ. ವಾಹಕ ಜೈವಿಕವಾಗಿ ಕರಗುವುದೇ ಇಲ್ಲವೇ ಎಂಬುದರ ಮೇಲೆ ನಿಮ್ಮಿಂದ ಕೇಳುವ ಪುರಾವೆ ಹೆಚ್ಚುತ್ತದೆ.

ಇನ್ನು ನಿಮ್ಮ ಸುರಕ್ಷತೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ, ಎಂಟು ಗಂಟೆಯ ಕೆಲಸದಲ್ಲಿ ಗಾಳಿಯ ಪ್ರತಿ ಘನ ಮೀಟರಿಗೆ ಒಂದು ಮೈಕ್ರೊಗ್ರಾಂ. ಒಣ ಪುಡಿಯನ್ನು ತೆರೆದ ತಕ್ಕಡಿಯ ಮೇಲೆ ತೂಗಬೇಡಿ. ಸಾಧ್ಯವಿದ್ದರೆ ನೀರಿನಲ್ಲಿ ಕದಡಿದ ರೂಪದಲ್ಲೇ ತರಿಸಿಕೊಳ್ಳಿ, ಇಲ್ಲವಾದರೆ ಫ್ಯೂಮ್ ಹುಡ್‌ನೊಳಗೆ ಬಾಟಲಿ ತೆರೆದು ಮೊದಲು ದ್ರಾವಕದಿಂದ ನೆನೆಸಿ, ಆಮೇಲೆ ಮುಂದಿನ ಕೆಲಸಕ್ಕೆ ತೆಗೆಯಿರಿ. ಬಾಟಲಿಯ ಜೊತೆ ಬರುವ ಪ್ರಮಾಣಪತ್ರದಲ್ಲಿ ಉದ್ದದ ಹರಹು ಮತ್ತು ಲೋಹದ ಶೇಕಡಾವಾರು ಬರೆದಿಲ್ಲದಿದ್ದರೆ, ಖರೀದಿಗೆ ಮುನ್ನವೇ ಅದನ್ನು ಲಿಖಿತವಾಗಿ ಕೇಳಿ ಪಡೆಯಿರಿ.